ಮರಾಠಿಯಲ್ಲಿ ಕಲಿತು ಕನ್ನಡದ ನಾಡಿ ಹಿಡಿದವರು

ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ. ಅದಕ್ಕೆ ಮುಂಚೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ, ಅಂದರೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳಲ್ಲಿ, ಎಂ.ಬಿ.ಬಿ.ಎಸ್. ಓದಿಸುವ ಒಂದು ಕಾಲೇಜೂ ಇರಲಿಲ್ಲ. ಡಾಕ್ಟರಾಗಬೇಕೆಂಬ ಆಸೆಯಿದ್ದವರು ಊರು ಬಿಡಬೇಕಿತ್ತು. ದುಡ್ಡಿದ್ದು, ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದವರು ಮುಂಬಯಿಗೆ ಹೋಗಿ ಗ್ರಾಂಟ್ ಮೆಡಿಕಲ್ ಕಾಲೇಜು ಸೇರುತ್ತಿದ್ದರು. ಅಷ್ಟು ಅನುಕೂಲ ಇಲ್ಲದವರಿಗೆ ಹತ್ತಿರದ ದಾರಿ ಪುಣೆಯದು. ಅಲ್ಲಿ ಸಸೂನ್ ಆಸ್ಪತ್ರೆಯ ಮಗ್ಗುಲಿಗೆ ಬಿ.ಜೆ. ಮೆಡಿಕಲ್ ಸ್ಕೂಲ್ ಇತ್ತು. ಹೆಸರಿನಲ್ಲೇ ಗಮನಿಸಿ, ಅದು ಕಾಲೇಜಲ್ಲ, ಸ್ಕೂಲು. ಈ ಎರಡು ಪದಗಳ ನಡುವಿನ ಅಂತರದಲ್ಲಿ ಭಾರತದ ವೈದ್ಯಶಿಕ್ಷಣದ ಒಂದು ಇಡೀ ಅಧ್ಯಾಯ ಅಡಗಿದೆ. ಕನ್ನಡಕ್ಕೆ ವೈದ್ಯಕೀಯದಲ್ಲಿ ಜಾಗ ಸಿಗದೇ ಹೋದ ಕಥೆಯೂ ಅಲ್ಲಿಯೇ ಇದೆ.

ಸಸೂನ್ ಆಸ್ಪತ್ರೆ ಬಾಗಿಲು ತೆರೆದದ್ದು 1867ರಲ್ಲಿ. ಬಾಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್ ಕೊಟ್ಟ ಹಣ ಅದಕ್ಕೆ ಆಧಾರ. 1878ರಲ್ಲಿ ಅದರ ಜೊತೆಗೆ ಹುಟ್ಟಿಕೊಂಡ ಶಾಲೆಗೆ ಮುಂಬಯಿಯ ಪಾರ್ಸಿ ದಾನಿ ಬೈರಾಮ್‌ಜಿ ಜೀಜೀಭಾಯ್ ಅವರ ಹೆಸರು. ಅವರದೇ ಹೆಸರಿನ ಇನ್ನೊಂದು ಶಾಲೆ ಅಹಮದಾಬಾದಿನಲ್ಲಿತ್ತು. ಎರಡೂ ಶಾಲೆಗಳ ಗುರಿ ಒಂದೇ. ಸರ್ಕಾರಿ ದವಾಖಾನೆಗಳಿಗೆ, ಸೈನ್ಯಕ್ಕೆ, ಜೈಲುಗಳಿಗೆ ‘ಹಾಸ್ಪಿಟಲ್ ಅಸಿಸ್ಟೆಂಟ್’ ಎಂಬ ಕೆಳದರ್ಜೆಯ ವೈದ್ಯರನ್ನು ತಯಾರು ಮಾಡುವುದು. ಮುಂದೆ ಈ ಹುದ್ದೆಗೆ ‘ಸಬ್ ಅಸಿಸ್ಟೆಂಟ್ ಸರ್ಜನ್’ ಎಂಬ ಕೊಂಚ ದೊಡ್ಡ ಹೆಸರು ಬಂತು. ಸಂಬಳ, ಅಧಿಕಾರಗಳು ಮಾತ್ರ ಹೆಸರಿನಷ್ಟು ಬೆಳೆಯಲಿಲ್ಲ.

ಈ ಶಾಲೆಗಳ ವಿಶೇಷವಿದ್ದದ್ದು ಪಾಠದ ಭಾಷೆಯಲ್ಲಿ. ಮುಂಬಯಿಯ ಗ್ರಾಂಟ್ ಕಾಲೇಜಿನಲ್ಲಿ 1860ರ ದಶಕದಲ್ಲೇ ಇಂಗ್ಲಿಷ್ ತರಗತಿಗಳ ಪಕ್ಕದಲ್ಲಿ ಮರಾಠಿ ಮತ್ತು ಗುಜರಾತಿ ತರಗತಿಗಳು ಆರಂಭವಾಗಿದ್ದವು. ಇಂಗ್ಲಿಷಿನಲ್ಲಿ ಓದಿದವನು ಪದವೀಧರ ವೈದ್ಯ. ದೇಶಭಾಷೆಯಲ್ಲಿ ಓದಿದವನು ಹಾಸ್ಪಿಟಲ್ ಅಸಿಸ್ಟೆಂಟ್. ಅದೇ ವ್ಯವಸ್ಥೆಯನ್ನು ಪುಣೆಯ ಶಾಲೆ ಮರಾಠಿಯಲ್ಲಿ, ಅಹಮದಾಬಾದಿನದು ಗುಜರಾತಿಯಲ್ಲಿ ಮುಂದುವರಿಸಿದವು. ಪಠ್ಯ ಬೇಕಲ್ಲ? ಗ್ರಾಂಟ್ ಕಾಲೇಜಿನಲ್ಲಿ ಕಲಿತ ಮೊದಲ ತಲೆಮಾರಿನ ವೈದ್ಯರೇ ಬರೆಯಲು ಕುಳಿತರು. ಮುಂದೆ ವೈದ್ಯೆಯಾಗಿ ಹೆಸರಾದ ರಖಮಾಬಾಯಿಯ ಮಲತಂದೆ ಡಾ. ಸಖಾರಾಮ ಅರ್ಜುನ ಅಂಥವರಲ್ಲಿ ಒಬ್ಬರು. ಗರ್ಭ ಮತ್ತು ಪ್ರಸೂತಿಯ ಬಗ್ಗೆ ಅವರು ಮರಾಠಿಯಲ್ಲಿ ಬರೆದರು.

ಕನ್ನಡಕ್ಕೆ ಇಂಥ ಶಾಲೆ ಸಿಗಲಿಲ್ಲ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಧಾರವಾಡ, ಬೆಳಗಾವಿಗಳನ್ನು ಆಗಿನ ಸರ್ಕಾರ ಕರೆಯುತ್ತಿದ್ದದ್ದೇ ‘ಸದರ್ನ್ ಮರಾಠಾ ಕಂಟ್ರಿ’ ಎಂದು. ಪೇಶ್ವೆಯರ ಆಳ್ವಿಕೆಯಿಂದ ಇಳಿದುಬಂದ ಮರಾಠಿ ಕಚೇರಿಗಳಲ್ಲೂ ಶಾಲೆಗಳಲ್ಲೂ ಗಟ್ಟಿಯಾಗಿ ಕೂತಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಮತ್ತು ಶಿಕ್ಷಣಾಧಿಕಾರಿ ರಸೆಲ್ 1860ರ ದಶಕದಲ್ಲಿ ಹಟ ಹಿಡಿದು ದುಡಿದದ್ದರಿಂದ ಪ್ರಾಥಮಿಕ ಶಾಲೆಗಳು ಕನ್ನಡಕ್ಕೆ ತಿರುಗಿದವು. ಇದರ ಫಲ ಸ್ವಲ್ಪ ವಿಚಿತ್ರವಾಗಿತ್ತು. ಧಾರವಾಡ ಜಿಲ್ಲೆಯ ಹುಡುಗನಿಗೆ ಹಳ್ಳಿಯ ಶಾಲೆ ಕನ್ನಡದಲ್ಲಿ, ಹೈಸ್ಕೂಲು ಇಂಗ್ಲಿಷಿನಲ್ಲಿ, ವೈದ್ಯಕೀಯ ಶಾಲೆಗೆ ಬಂದರೆ ಮರಾಠಿಯಲ್ಲಿ. ಓದು ಮುಗಿದ ಮೇಲೆ ನೌಕರಿ ಸಿಕ್ಕರೆ ಬಹುಶಃ ಮತ್ತೆ ಕನ್ನಡ ಜಿಲ್ಲೆಯ ತಾಲ್ಲೂಕು ದವಾಖಾನೆಯಲ್ಲಿ. ಅಂದರೆ ಅವನು ರೋಗಿಗಳ ಭಾಷೆಯನ್ನು ಮನೆಯಿಂದ ತಂದಿದ್ದ, ರೋಗಗಳ ಭಾಷೆಯನ್ನು ಪುಣೆಯಲ್ಲಿ ಕಲಿತಿದ್ದ.

ಪುಣೆ ತಲುಪುವುದು 1890ರ ಹೊತ್ತಿಗೆ ಸುಲಭವಾಯಿತು. ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮಿರಜ್ ಮಾರ್ಗವಾಗಿ ಪುಣೆಯನ್ನು ಸೇರಿತು. ಉಳಿಯುವುದಕ್ಕೆ ವಾಡೆಯಲ್ಲೊಂದು ಕೋಣೆ, ಊಟಕ್ಕೆ ಖಾನಾವಳಿ. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿಯಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಳಿದ ಜಾತಿಯವರಿಗೆ ಆ ಬಾಗಿಲುಗಳು ತೆರೆಯುತ್ತಿರಲಿಲ್ಲ. ಹೆಣ ಮುಟ್ಟಿ ಕಲಿಯುವ ವಿದ್ಯೆ ಅಂದರೆ ಮಡಿಯ ಮನೆಗಳಲ್ಲಿ ಮುಜುಗರ ಬೇರೆ. ಕಲ್ಕತ್ತೆಯಲ್ಲಿ 1836ರಲ್ಲಿ ಮಧುಸೂದನ ಗುಪ್ತರು ಶವಚ್ಛೇದನ ಮಾಡಿ ಆ ಗೋಡೆ ಒಡೆದರೆಂದು ಪುಸ್ತಕಗಳು ಹೇಳುತ್ತವೆ. ಆದರೆ ಅಂಥ ಗೋಡೆಗಳನ್ನು ಪ್ರತಿ ಊರಿನಲ್ಲೂ, ಪ್ರತಿ ಮನೆಯಲ್ಲೂ ಮತ್ತೊಮ್ಮೆ ಒಡೆಯಬೇಕಾಗುತ್ತದೆ.

ಹೆಣ್ಣುಮಕ್ಕಳ ದಾರಿ ಇನ್ನೂ ಕಡಿದು. ಆನಂದಿಬಾಯಿ ಜೋಶಿ ವೈದ್ಯಕೀಯ ಕಲಿಯಲು ಫಿಲಡೆಲ್ಫಿಯದವರೆಗೆ ಹೋಗಬೇಕಾಯಿತು. 1886ರ ಮಾರ್ಚಿನಲ್ಲಿ ಆಕೆ ಪದವಿ ಪಡೆದಾಗ ಆ ಸಮಾರಂಭಕ್ಕೆ ಬಂದವರಲ್ಲಿ, ಕನ್ನಡನಾಡಿನ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯೂ ಇದ್ದರು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಮಹಿಳಾ ವಾರ್ಡಿನ ಹೊಣೆ ಆನಂದಿಬಾಯಿಗಾಗಿ ಕಾದಿತ್ತು. ಆ ಕೆಲಸಕ್ಕೆ ಸೇರುವ ಮೊದಲೇ, 1887ರ ಫೆಬ್ರುವರಿ 26ರಂದು, ಪುಣೆಯಲ್ಲಿ ಕ್ಷಯ ಆಕೆಯನ್ನು ಒಯ್ದಿತು. ಆಗ ವಯಸ್ಸು ಇಪ್ಪತ್ತೆರಡೂ ತುಂಬಿರಲಿಲ್ಲ. ಪುಣೆಯ ಹೆಂಗಸರು ಸಸೂನ್ ಆಸ್ಪತ್ರೆಯೊಳಗೆ ಕಲಿಯುವವರಾಗಿ ಕಾಲಿಡಲು ರಮಾಬಾಯಿ ರಾನಡೆಯವರ ಸೇವಾಸದನ ದಾರಿ ಮಾಡಿಕೊಟ್ಟದ್ದು ಇಪ್ಪತ್ತನೆಯ ಶತಮಾನದ ಮಾತು. ಅದೂ ಮುಖ್ಯವಾಗಿ ನರ್ಸಿಂಗ್ ತರಬೇತಿಗೆ.

ಪಾಠದ ಮರಾಠಿ ಕನ್ನಡ ಹುಡುಗನಿಗೆ ಎಷ್ಟು ಕಷ್ಟವಾಗಿದ್ದೀತು? ಪುಸ್ತಕದ ಮಟ್ಟಿಗೆ ನಾವು ಊಹಿಸುವಷ್ಟು ಇರಲಿಕ್ಕಿಲ್ಲ. ವೈದ್ಯಕೀಯ ಪದಗಳಿಗಾಗಿ ಮರಾಠಿ ಹೋದದ್ದು ಸಂಸ್ಕೃತದ ಬಾವಿಗೆ. ಕನ್ನಡವೂ ಹೋಗುವುದು ಅದೇ ಬಾವಿಗೆ. ಮೂತ್ರಪಿಂಡ, ಯಕೃತ್ತು, ಕ್ಷಯ, ಶಸ್ತ್ರಕ್ರಿಯೆ ಇವು ಎರಡೂ ಕಡೆ ನಡೆಯುವ ನಾಣ್ಯಗಳು. ಮರಾಠಿಯ ‘ರಕ್ತದಾಬ’ಕ್ಕೆ ಕನ್ನಡ ‘ರಕ್ತದೊತ್ತಡ’ ಎಂದು ಅರ್ಧ ಬದಲಿಸಿಕೊಂಡಿತು, ಅಷ್ಟೆ.

ರೋಗಿಯ ಬಾಯಿಂದ ಬರುವ ಮಾತಿನ ಲೆಕ್ಕವೇ ಬೇರೆ. ಅಂಗಗಳ ಹೆಸರನ್ನು ಭಾಷೆಗಳು ಹಂಚಿಕೊಳ್ಳಬಹುದು, ನೋವಿನ ಕ್ರಿಯಾಪದಗಳನ್ನು ಹಂಚಿಕೊಳ್ಳುವುದಿಲ್ಲ. ಧಾರವಾಡದ ಕಡೆಯ ಮುದುಕಿ ‘ಹೊಟ್ಟಿ ಕಡೀತೈತಿ’ ಅಂದರೆ ಯಾವ ಹುಳವೂ ಕಚ್ಚಿಲ್ಲ, ಹಿಂಡುವಂಥ ನೋವು ಎಂದರ್ಥ. ‘ಕೈಕಾಲು ಹರೀತಾವ’ ಅಂದರೆ ಗಾಯವೇನೂ ಆಗಿಲ್ಲ, ಜ್ವರ ಬರುವ ಮುಂಚಿನ ಮೈಕೈ ನೋವು. ‘ಕಣ್ಣಿಗೆ ಕತ್ತಲಿ ಬರ್ತೈತಿ’ ಅಂದವಳನ್ನು ಕಣ್ಣಿನ ಡಾಕ್ಟರ ಬಳಿ ಕಳಿಸಿದರೆ ಕೆಟ್ಟಿತು. ಆಕೆಗೆ ತಲೆ ಸುತ್ತುತ್ತಿದೆ, ರಕ್ತ ಕಡಿಮೆಯಾಗಿರಬಹುದು. ಕಡಿ, ಹರಿ, ಸಿಡಿ, ಉರಿ, ಸೆಳೆ, ಚುಚ್ಚು ಎಂಬ ಈ ಪುಟ್ಟ ಮಾತುಗಳಲ್ಲಿ ಅರ್ಧ ರೋಗನಿದಾನ ಇರುತ್ತದೆ. ಎಕ್ಸ್‌-ರೇ, ರಕ್ತಪರೀಕ್ಷೆಗಳಿಲ್ಲದ ಕಾಲದಲ್ಲಂತೂ ವೈದ್ಯನ ಕೈಯಲ್ಲಿದ್ದದ್ದು ನಾಡಿ, ನಾಲಿಗೆ ಮತ್ತು ರೋಗಿಯ ಮಾತು. ಇಂಗ್ಲಿಷ್ ಸರ್ಜನ್ ದುಭಾಷಿಯ ಮೂಲಕ ಕೇಳಿಸಿಕೊಳ್ಳುತ್ತಿದ್ದದ್ದನ್ನು ಈ ಕೆಳದರ್ಜೆಯ ವೈದ್ಯ ನೇರವಾಗಿ ಕೇಳಬಲ್ಲವನಾಗಿದ್ದ. ಅವನ ನಿಜವಾದ ಬಂಡವಾಳ ಅದು. ಆದರೆ ಯಾವ ಪರೀಕ್ಷೆಯಲ್ಲೂ ಅದಕ್ಕೆ ಅಂಕವಿರಲಿಲ್ಲ.

ಆ ಬಂಡವಾಳದ ಬೆಲೆ ಗೊತ್ತಾದದ್ದು ಪ್ಲೇಗಿನಲ್ಲಿ. 1896ರಲ್ಲಿ ಮುಂಬಯಿಗೆ ಬಂದ ರೋಗ ಮರುವರ್ಷ ಪುಣೆಗೆ ಕಾಲಿಟ್ಟಿತು. ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದ ರೀತಿ ಊರನ್ನು ರೊಚ್ಚಿಗೆಬ್ಬಿಸಿತು. 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಬಿತ್ತು. ಅದೇ ವರ್ಷ ರೋಗಿಗಳ ಆರೈಕೆ ಮಾಡುತ್ತ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. 1898ರಲ್ಲಿ ಪ್ಲೇಗು ರೈಲು ಹಳಿ ಹಿಡಿದು ಹುಬ್ಬಳ್ಳಿ, ಧಾರವಾಡಗಳನ್ನು ಹೊಕ್ಕಿತು. ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಲಾಯಿತು. ಪುಣೆಯಲ್ಲಿ ಬಂದೂಕಿನಿಂದ ಆಗದ ಕೆಲಸ ಇಲ್ಲಿ ಸೂಜಿಯಿಂದ ಆಗಬೇಕಿತ್ತು. ಸೂಜಿಗೆ ತೋಳು ಒಡ್ಡಬೇಕಾದರೆ ಜನರ ಜೊತೆ ಅವರ ಮಾತಿನಲ್ಲಿ ಮಾತಾಡುವವರು ಬೇಕು. ಇಂಥ ಪಿಡುಗುಗಳಲ್ಲಿ ಮೇಲಧಿಕಾರಿಯ ಹೆಸರು ವರದಿಯಲ್ಲಿ ಬರುತ್ತದೆ. ಮನೆಬಾಗಿಲಿಗೆ ಹೋಗಿ ಮಾತಾಡಿದ ಹಾಸ್ಪಿಟಲ್ ಅಸಿಸ್ಟೆಂಟರ ಹೆಸರು ಬಹುಪಾಲು ಅಂಕಿಸಂಖ್ಯೆಯೊಳಗೆ ಕರಗಿಹೋಗುತ್ತದೆ.

ಕನ್ನಡಿಗರ ಸ್ಥಿತಿ ಬೇರೆ ದಿಕ್ಕುಗಳಲ್ಲೂ ಹೀಗೆಯೇ ಇತ್ತು. ಮಂಗಳೂರು, ಬಳ್ಳಾರಿಯವರು ಮದರಾಸಿಗೆ ಹೋಗಿ ಇಂಗ್ಲಿಷಿನಲ್ಲಿ ಓದಬೇಕಿತ್ತು. ಕಲಬುರಗಿ, ಬೀದರ್, ರಾಯಚೂರಿನವರಿಗೆ ರಾಜಧಾನಿ ಹೈದರಾಬಾದು. ಅಲ್ಲಿ 1846ರಲ್ಲೇ ಉರ್ದುವಿನಲ್ಲಿ ವೈದ್ಯಕೀಯ ಶಾಲೆ ಶುರುವಾಗಿತ್ತು. ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯ ಅನುವಾದಕ್ಕೆಂದೇ ಒಂದು ದೊಡ್ಡ ಇಲಾಖೆ ಕಟ್ಟಿ, 1948ರವರೆಗೂ ಎಂ.ಬಿ.ಬಿ.ಎಸ್.ನಂಥ ಪೂರ್ಣ ಪದವಿಯನ್ನೇ ಉರ್ದುವಿನಲ್ಲಿ ಕೊಟ್ಟಿತು. ಭಾರತೀಯ ಭಾಷೆಯಲ್ಲಿ ಮೇಲ್ದರ್ಜೆಯ ವೈದ್ಯಕೀಯ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಅರಸರ ಬೆಂಬಲವಿಲ್ಲದಿದ್ದರೆ ಅದು ಉಳಿಯುವುದಿಲ್ಲ ಎಂಬುದಕ್ಕೂ ಅದೇ ಸಾಕ್ಷಿ. ಇನ್ನು ಕನ್ನಡದ ಅರಸರೇ ಇದ್ದ ಮೈಸೂರಿನಲ್ಲಿ? 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋದ ಮೆಡಿಕಲ್ ಕಾಲೇಜಿನ ಭಾಷೆಯೂ ಇಂಗ್ಲಿಷೇ. ಹೀಗೆ ಕನ್ನಡಿಗರು ಮರಾಠಿಯಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ವೈದ್ಯರಾದರು. ಕನ್ನಡದಲ್ಲಿ ಆಗಲಿಲ್ಲ.

ಪುಣೆಯ ಶಾಲೆಯೂ ಕಾಲಕ್ರಮೇಣ ಇಂಗ್ಲಿಷಿಗೆ ಹೊರಳಿತು. 1912ರಲ್ಲಿ ಮುಂಬಯಿಯಲ್ಲಿ ಕಾಲೇಜ್ ಆಫ್ ಫಿಸಿಶಿಯನ್ಸ್ ಅಂಡ್ ಸರ್ಜನ್ಸ್ ಸ್ಥಾಪನೆಯಾದ ಮೇಲೆ ಅಲ್ಲಿನ ವಿದ್ಯಾರ್ಥಿಗಳು ಎಲ್.ಸಿ.ಪಿ.ಎಸ್. ಪರೀಕ್ಷೆಗೆ ಕೂರತೊಡಗಿದರು. ಉತ್ತರ ಕರ್ನಾಟಕದ ಹಳೆಯ ಪೇಟೆಬೀದಿಗಳಲ್ಲಿ ಡಾಕ್ಟರ ಹೆಸರಿನ ಮುಂದೆ ಬಹುಕಾಲ ಕಾಣುತ್ತಿದ್ದ ಅಕ್ಷರಗಳು ಇವೇ. ಭಾಷೆ ಬದಲಾದರೂ ದರ್ಜೆ ಬದಲಾಗಲಿಲ್ಲ. 1933ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯ್ದೆ ಪದವೀಧರರನ್ನು ಒಳಗಿಟ್ಟುಕೊಂಡು ಲೈಸೆನ್ಷಿಯೇಟರನ್ನು ಹೊರಗಿಟ್ಟಿತು. ನಂತರ ಬಂದ ಭೋರ್ ಸಮಿತಿ ಲೆಕ್ಕ ಹಾಕಿದಾಗ ದೇಶದಲ್ಲಿ ನೋಂದಾಯಿತ ವೈದ್ಯರು 47,524. ಅವರಲ್ಲಿ ಪದವೀಧರರು 17,654, ಲೈಸೆನ್ಷಿಯೇಟರು 29,870. ಅಂದರೆ ದೇಶದ ಐವರು ವೈದ್ಯರಲ್ಲಿ ಮೂವರು ಈ ‘ಕೆಳಗಿನ’ ಡಾಕ್ಟರುಗಳು.

1946ರಲ್ಲಿ ಸಮಿತಿ ತನ್ನ ತೀರ್ಮಾನ ಹೇಳಿತು. ಇನ್ನು ಮುಂದೆ ಒಂದೇ ಬಗೆಯ ವೈದ್ಯ ಸಾಕು, ಎಲ್ಲರಿಗೂ ಪದವಿಯೇ ಆಗಲಿ. ಡಾಕ್ಟರುಗಳ ಕೊರತೆ ಇಷ್ಟಿರುವಾಗ ಚಿಕ್ಕ ಕೋರ್ಸನ್ನು ಈಗಲೇ ನಿಲ್ಲಿಸಬೇಡಿ ಎಂದು ಸಮಿತಿಯೊಳಗೇ ಕೆಲವರು ಭಿನ್ನಮತ ಬರೆದರು. ಅವರ ಮಾತು ನಡೆಯಲಿಲ್ಲ. ಅದೇ ವರ್ಷ ಪುಣೆಯ ಶಾಲೆ ಬಿ.ಜೆ. ಮೆಡಿಕಲ್ ಕಾಲೇಜಾಯಿತು. ಲೈಸೆನ್ಷಿಯೇಟರ ಪಾಲಿಗೆ ಇದು ನ್ಯಾಯವೇ ಆಗಿತ್ತು. ಹಳ್ಳಿಯವರಿಗೆ ಕಡಿಮೆ ಓದಿದ ವೈದ್ಯ ಸಾಕು ಎಂಬ ತಾರತಮ್ಯವನ್ನು ಯಾರು ಸಮರ್ಥಿಸಿಯಾರು? ಆದರೆ ಶಾಲೆ ಹೋದಾಗ ಅದರ ಜೊತೆ ಒಂದು ನೆನಪೂ ಹೋಯಿತು. ದೇಶಭಾಷೆಯ ವೈದ್ಯಕೀಯ ಒಮ್ಮೆ ನಿಜವಾಗಿ ನಡೆದಿತ್ತು, ಅದಕ್ಕೆ ಪಠ್ಯಗಳಿದ್ದವು, ಅದನ್ನು ಕಲಿಸಿದ ಗುರುಗಳಿದ್ದರು ಎಂಬುದನ್ನೇ ಜನ ಮರೆತರು. ಉಳಿದದ್ದು ಒಂದು ಗುಮಾನಿ: ದೇಶಭಾಷೆಯಲ್ಲಿ ಕಲಿತವನು ಎರಡನೆಯ ದರ್ಜೆಯ ಡಾಕ್ಟರು. ಆ ಗುಮಾನಿಗೆ ಕಾರಣ ಭಾಷೆಯಲ್ಲ. ಅಗ್ಗದ, ಅರ್ಧಂಬರ್ಧ ಕೋರ್ಸನ್ನು ಮಾತ್ರ ದೇಶಭಾಷೆಗೆ ಕಟ್ಟಿ, ಪೂರ್ಣ ಕೋರ್ಸನ್ನು ಇಂಗ್ಲಿಷಿಗೆ ಮೀಸಲಿಟ್ಟ ವ್ಯವಸ್ಥೆ ಅದನ್ನು ಹುಟ್ಟಿಸಿತು.

2022ರ ಅಕ್ಟೋಬರಿನಲ್ಲಿ ಭೋಪಾಲದಲ್ಲಿ ಎಂ.ಬಿ.ಬಿ.ಎಸ್.ನ ಹಿಂದಿ ಪುಸ್ತಕಗಳು ಬಿಡುಗಡೆಯಾದಾಗ ಎದ್ದ ಗದ್ದಲದಲ್ಲಿ ಈ ಹಳೆಯ ಗುಮಾನಿಯ ದನಿ ಕೇಳುತ್ತಿತ್ತು. ಒಂದು ಪಕ್ಷ ಇದು ಮೊದಲ ಸಲ ಎಂದಿತು, ಇನ್ನೊಂದು ಪಕ್ಷ ಇದು ಅಸಾಧ್ಯ ಎಂದಿತು. ಪುಣೆ, ಅಹಮದಾಬಾದ್, ಹೈದರಾಬಾದುಗಳ ಚರಿತ್ರೆ ಬಲ್ಲವರಿಗೆ ಎರಡೂ ಮಾತು ಒಪ್ಪಿಗೆಯಾಗುವುದು ಕಷ್ಟ.

ಕನ್ನಡದ ಪಾಲಿಗೆ ಶಾಲೆ ಸಿಗದಿದ್ದರೂ ಬರಹ ನಿಲ್ಲಲಿಲ್ಲ. ಮೈಸೂರಿನಲ್ಲಿ ಇಂಗ್ಲಿಷಿನಲ್ಲಿ ಓದಿ, ಧಾರವಾಡದಲ್ಲಿಯೂ ಡಾಕ್ಟರಾಗಿ ದುಡಿದ ಅನುಪಮಾ ನಿರಂಜನರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಬರೆದು, ಹೆಂಗಸರು ಡಾಕ್ಟರ ಎದುರು ಬಾಯಿಬಿಟ್ಟು ಹೇಳಲಾರದ ಸಂಗತಿಗಳಿಗೆ ಮಾತು ಕೊಟ್ಟರು. ವೈದ್ಯ ಡಿ.ಎಸ್. ಶಿವಪ್ಪನವರು ಕನ್ನಡದ ವೈದ್ಯಕೀಯ ಪದಗಳಿಗಾಗಿ ವರ್ಷಗಟ್ಟಲೆ ದುಡಿದರು. ಇವರು ಮಾಡಿದ್ದು ಒಂದು ಶಾಲೆ ಮಾಡಬೇಕಿದ್ದ ಕೆಲಸ.

ಇವತ್ತು ಎಂ.ಬಿ.ಬಿ.ಎಸ್. ಸೇರುವ ವಿದ್ಯಾರ್ಥಿಗಳ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ. ಹುಬ್ಬಳ್ಳಿ, ಬೆಳಗಾವಿಗಳಿಗೆ ಈಗ ಎಲ್ಲೆಲ್ಲಿಂದಲೋ ಬಂದವರು ಓದುತ್ತಾರೆ. ಪುಣೆಗೆ ಹೊರಟ ಹುಡುಗನ ಪಯಣ ತಿರುವುಮುರುವಾಗಿದೆ. ಅವರಿಗೆ ಮೂತ್ರಪಿಂಡಕ್ಕೆ ಕನ್ನಡ ಪದ ಗೊತ್ತಿಲ್ಲದಿದ್ದರೆ ರೋಗಿಗೇನೂ ನಷ್ಟವಿಲ್ಲ, ‘ಕಿಡ್ನಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಕಲಿಯಬೇಕಾದ್ದು ಕಡಿಯುವುದಕ್ಕೂ ಉರಿಯುವುದಕ್ಕೂ ಇರುವ ವ್ಯತ್ಯಾಸವನ್ನು, ಹರಿಯುವುದಕ್ಕೂ ಸಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು. ಮರಾಠಿಯಲ್ಲಿ ಪಾಠ ಓದಿ ಊರಿಗೆ ಮರಳಿದ ಹಾಸ್ಪಿಟಲ್ ಅಸಿಸ್ಟೆಂಟನಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಅವನ ತಾಯಿ ಕಲಿಸಿದ್ದಳು. ಈಗ ಅದನ್ನು ತರಗತಿಯಲ್ಲೇ ಕಲಿಸಬೇಕು. ಆ ಪಾಠಕ್ಕೆ ಪುಸ್ತಕ ಸಾಲದು, ವಾರ್ಡಿನ ಹಾಸಿಗೆಯ ಪಕ್ಕ ಕೂತು ಕೇಳಬೇಕು.