ಪಕ್ಕದ ಸೀಟಿನಲ್ಲಿ ಕುಳಿತವರು ಯಾರು?

1943ರ ಒಂದು ಅಮೆರಿಕನ್ ಪೋಸ್ಟರ್. ಕೋಟು, ಟೋಪಿ ಹಾಕಿಕೊಂಡ ಒಬ್ಬಾತ ಕಾರು ಓಡಿಸುತ್ತಿದ್ದಾನೆ. ಕಾರಿನಲ್ಲಿ ಅವನೊಬ್ಬನೇ ಅನ್ನಿಸುತ್ತದೆ. ದಿಟ್ಟಿಸಿದರೆ ಪಕ್ಕದಲ್ಲಿ ಬರೀ ಗೆರೆಗಳಲ್ಲಿ ಮೂಡಿದ ದೆವ್ವದಂಥ ಆಕೃತಿ. ಅದು ಹಿಟ್ಲರ್. ಒಬ್ಬರೇ ಕಾರಿನಲ್ಲಿ ಹೋದರೆ ಹಿಟ್ಲರನನ್ನು ಕೂರಿಸಿಕೊಂಡು ಹೋದಂತೆ, ಇಂದೇ ಕಾರು ಹಂಚಿಕೊಳ್ಳುವ ಸಂಘ ಸೇರಿ ಎಂಬುದು ವೈಮರ್ ಪರ್ಸೆಲ್ ಬರೆದ ಆ ಚಿತ್ರದ ಸಂದೇಶ.

ಇಂದು ಕಂಪನಿಗಳು 'ಈ ತಿಂಗಳು ಕಾರು ಬಿಟ್ಟು ಬನ್ನಿ, ಬಹುಮಾನ ಗೆಲ್ಲಿ' ಎಂದು ನೌಕರರಿಗೆ ಸವಾಲು ಹಾಕುವುದುಂಟು. ಆ ಸವಾಲಿನ ಹಿರಿಯಜ್ಜ ಈ ಪೋಸ್ಟರ್.

ಆದರೆ ಯುದ್ಧಕಾಲದ ಅಮೆರಿಕ ಪೋಸ್ಟರನ್ನಷ್ಟೇ ನಂಬಿ ಕುಳಿತಿರಲಿಲ್ಲ. ಮಲಯ ಮತ್ತು ಡಚ್ ಈಸ್ಟ್ ಇಂಡೀಸ್ ಜಪಾನಿನ ವಶವಾದದ್ದೇ ರಬ್ಬರಿಗೆ ಬರ ಬಂತು. ಟೈರು ಉಳಿಯಬೇಕಾದರೆ ಕಾರುಗಳ ಓಡಾಟ ತಗ್ಗಬೇಕು. ಹಾಗಾಗಿ 1942ರ ಡಿಸೆಂಬರ್ 1ರಿಂದ ದೇಶದಾದ್ಯಂತ ಪೆಟ್ರೋಲಿಗೆ ಪಡಿತರ ಬಂತು. ಹೆಚ್ಚುವರಿ ಪೆಟ್ರೋಲು ಕೇಳುವ ಕಾರ್ಮಿಕ ತಾನು ಕಾರು ಹಂಚಿಕೊಳ್ಳುತ್ತಿರುವುದನ್ನೋ, ಅದು ತನಗೆ ಸಾಧ್ಯವಿಲ್ಲವೆಂಬುದನ್ನೋ ತೋರಿಸಬೇಕಿತ್ತು. 1945ರ ಆಗಸ್ಟಿನಲ್ಲಿ ಪಡಿತರ ಮುಗಿಯಿತು. ಊರಾಚೆ ಹೊಸ ಬಡಾವಣೆಗಳು ಎದ್ದವು, ಜನ ಮತ್ತೆ ಒಬ್ಬೊಬ್ಬರೇ ಕಾರು ಹತ್ತಿದರು.

1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿ ಬಿಕ್ಕಟ್ಟು ತಲೆದೋರಿದ ವರ್ಷವೇ, ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ 3ಎಂ ಕಂಪನಿ ಆರು ವ್ಯಾನುಗಳನ್ನು ಕೊಂಡಿತು. ನೌಕರರಲ್ಲೇ ಒಬ್ಬರು ವ್ಯಾನು ಓಡಿಸುವುದು, ಅವರಿಗೆ ಪ್ರಯಾಣ ಉಚಿತ, ಉಳಿದವರು ಖರ್ಚು ಹಂಚಿಕೊಳ್ಳುವುದು. ಇದರಲ್ಲಿ ಉಪದೇಶವಿರಲಿಲ್ಲ, ಬೆಳಗ್ಗೆ ಮನೆಯ ಹತ್ತಿರ ಬಂದು ನಿಲ್ಲುವ ವ್ಯಾನು ಇತ್ತು.

ಲಾಸ್ ಏಂಜಲೀಸ್ ಪ್ರದೇಶದ ಕಥೆ ಬೇರೆ. ಹೊಗೆಮಂಜಿನಿಂದ ಕಂಗೆಟ್ಟ ಅಲ್ಲಿನ ವಾಯುಗುಣಮಟ್ಟ ಮಂಡಳಿ 1987ರಲ್ಲಿ ಒಂದು ನಿಯಮ ತಂದಿತು: ನೂರು ಅಥವಾ ಹೆಚ್ಚು ನೌಕರರಿರುವ ಪ್ರತಿ ಕಚೇರಿಯೂ ಒಂಟಿ ಕಾರುಗಳನ್ನು ತಗ್ಗಿಸುವ ಯೋಜನೆ ಸಲ್ಲಿಸಬೇಕು. ಕಚೇರಿಗಳು ಬಹುಮಾನ ಇಟ್ಟವು, ಚೀಟಿ ಎತ್ತಿದವು. ಫಲ ಸಿಕ್ಕಿತು, ಆದರೆ ಅಲ್ಪ. ಖರ್ಚಿನ ಬಗ್ಗೆ ಕಂಪನಿಗಳ ಗೊಣಗಾಟ ಜೋರಾಗಿ, 1995ರಲ್ಲಿ ರಾಜ್ಯವೇ ಆ ಕಡ್ಡಾಯವನ್ನು ತೆಗೆದುಹಾಕಿತು.

ಅಲ್ಲಿಯೇ ಇದ್ದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ ಕೇಳಿದ ಪ್ರಶ್ನೆ ಸರಳ. ಕಾರು ತರುವವನಿಗೆ ಕಂಪನಿ ತನ್ನ ದುಡ್ಡಿನಲ್ಲಿ ನಿಲ್ಲಿಸುವ ಜಾಗ ಕೊಡುತ್ತದೆ. ಬಸ್ಸಿನಲ್ಲಿ ಬರುವವಳಿಗೆ ಏನು ಕೊಡುತ್ತದೆ? 1992ರ ಕ್ಯಾಲಿಫೋರ್ನಿಯಾ ಕಾನೂನು ಈ ಪ್ರಶ್ನೆಯಿಂದಲೇ ಹುಟ್ಟಿದ್ದು. ಜಾಗ ಬಾಡಿಗೆಗೆ ಹಿಡಿದು ನೌಕರರಿಗೆ ಕೊಡುವ ಕಂಪನಿ, ಬೇಡವೆನ್ನುವವರಿಗೆ ಅಷ್ಟೇ ಹಣ ಕೊಡಬೇಕು. ಎಂಟು ಕಂಪನಿಗಳ 1,694 ನೌಕರರನ್ನು ಶೂಪ್ ಅಧ್ಯಯನ ಮಾಡಿದರು. ಒಂಟಿಯಾಗಿ ಕಾರಿನಲ್ಲಿ ಬರುವವರ ಪ್ರಮಾಣ 76ರಿಂದ ಶೇಕಡಾ 63ಕ್ಕೆ ಇಳಿದಿತ್ತು. ಯಾರ ಜಾಗವನ್ನೂ ಕಿತ್ತುಕೊಂಡಿರಲಿಲ್ಲ. ನಡೆದು ಬರುವವರಿಗೂ ಅವರ ಪಾಲು ಸಿಕ್ಕಿತ್ತು, ಅಷ್ಟೇ.

ಇದನ್ನೆಲ್ಲ ಓದುವಾಗ ನನಗೆ ಬೆಂಗಳೂರಿನ ಹಳೆಯ ಫ್ಯಾಕ್ಟರಿ ಬಸ್ಸುಗಳು ನೆನಪಾಗುತ್ತವೆ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಮಿಕರು ಊಟದ ಡಬ್ಬಿ ಹಿಡಿದು ಅವುಗಳಿಗಾಗಿ ಕಾಯುತ್ತಿದ್ದರು. ಅವರಿಗೆ ಯಾರೂ ಪರಿಸರದ ಪಾಠ ಹೇಳಿರಲಿಲ್ಲ, ಸವಾಲು ಹಾಕಿರಲಿಲ್ಲ. ಆಗ ಕಾರು ಎಟುಕದ ವಸ್ತುವಾಗಿತ್ತು, ನಿಜ. ಆದರೆ ನೌಕರನನ್ನು ಮನೆಯಿಂದ ಕೆಲಸಕ್ಕೆ ತಲುಪಿಸುವುದು ಕಾರ್ಖಾನೆಯ ಹೊಣೆಯೂ ಹೌದು ಎಂಬ ತಿಳಿವಳಿಕೆ ಆ ಬಸ್ಸಿನಲ್ಲಿತ್ತು.

ಸವಾಲು ಹಾಕುವವರು ಆ ಹೊಣೆಯನ್ನು ಸದ್ದಿಲ್ಲದೆ ನೌಕರನ ಹೆಗಲಿಗೆ ದಾಟಿಸುತ್ತಾರೆ. ಕಾರು ತಂದರೆ ಅವನ ತಪ್ಪು, ಬಿಟ್ಟರೆ ಅವನಿಗೊಂದು ಕಪ್ಪು ಕಾಫಿ ಕುಡಿಯುವ ಮಗ್ಗು. ಒಂಟಿ ಕಾರಿನ ಪಕ್ಕದ ಸೀಟಿನಲ್ಲಿ ನಿಜಕ್ಕೂ ಕುಳಿತಿರುವುದು ಹಿಟ್ಲರನಲ್ಲ. ಪುಕ್ಕಟೆ ಜಾಗ ಕೊಟ್ಟು 'ಕಾರಿನಲ್ಲೇ ಬಾ' ಎಂದು ಕರೆದ ಕಚೇರಿಯೇ.