ಮೂಗಿನಿಂದ ಉಜ್ಜಿದ ಕಿಂಡಿ

1966ರ ಜೂನ್ 5ರಂದು ಯೂಜೀನ್ ಸೆರ್ನನ್ ಜೆಮಿನಿ-9 ನೌಕೆಯಿಂದ ಹೊರಬಂದಾಗ, ಅವರಿಗಿಂತ ಮುಂಚೆ ಬಾಹ್ಯಾಕಾಶದಲ್ಲಿ ಹಾಗೆ ಹೊರಬಂದವರು ಇಬ್ಬರೇ: ಸೋವಿಯತ್ ಒಕ್ಕೂಟದ ಲಿಯೊನೊವ್, ಅಮೆರಿಕದ ಎಡ್ ವೈಟ್. ಅವರು ತೇಲಿ ಒಳಗೆ ಹೋಗಿದ್ದರು. ಸೆರ್ನನ್‌ಗೆ ಕೆಲಸವಿತ್ತು. ನೌಕೆಯ ಹಿಂಬದಿಗೆ ಹೋಗಿ, ಅಲ್ಲಿಟ್ಟಿದ್ದ ಜೆಟ್ ಯಂತ್ರವನ್ನು ಬೆನ್ನಿಗೇರಿಸಿಕೊಂಡು ಹಾರಬೇಕಿತ್ತು.

ಕಾಲೂರಲು ನೆಲೆಯಿಲ್ಲ, ಕೈಗೆ ಸಾಕಷ್ಟು ಹಿಡಿಕೆಗಳಿಲ್ಲ. ಗಾಳಿ ತುಂಬಿದ ಉಡುಪು ಸೈಕಲ್ ಟ್ಯೂಬಿನಂತೆ ಬಿಗಿದು, ಮೊಣಕೈ ಮಡಚುವುದಕ್ಕೂ ಬಲ ಬೇಕು. ಬೆವರು ಕಿತ್ತುಕೊಂಡು ಬಂತು. ಮೈ ತಂಪಾಗಿಡಲು ಇದ್ದದ್ದು ಉಡುಪಿನೊಳಗೆ ಹರಿಯುವ ಆಮ್ಲಜನಕ ಮಾತ್ರ. ಅಷ್ಟು ತೇವ ತೆಗೆಯಲು ಅದರಿಂದಾಗಲಿಲ್ಲ. ಮುಖದ ಮುಂದಿನ ಪರದೆ ಪೂರಾ ಮಂಜಾಯಿತು. ಸಾರಿನ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕಕ್ಕೆ ಆಗುವುದೂ ಇದೇ, ಆದರೆ ನಾವು ಒರೆಸಿಕೊಳ್ಳುತ್ತೇವೆ. ಸೆರ್ನನ್‌ರ ಕೈಗಳು ಹೆಲ್ಮೆಟ್ಟಿನ ಹೊರಗಿದ್ದವು. ಒಳಗಿದ್ದದ್ದು ಮೂಗು. ಅದರಿಂದಲೇ ಉಜ್ಜಿ, ಮೂಡಿದ ಪುಟ್ಟ ಕಿಂಡಿಯಲ್ಲಿ ದಾರಿ ನೋಡಿದರು. ಕಮಾಂಡರ್ ಟಾಮ್ ಸ್ಟಾಫರ್ಡ್ ಹಾರಾಟ ಬೇಡವೆಂದು ಹಿಂದಕ್ಕೆ ಕರೆದರು. ಹೊರಗೆ ಕಳೆದದ್ದು ಎರಡು ಗಂಟೆಗೂ ಹೆಚ್ಚು.

ಆಮೇಲೆ ಪರದೆಯ ಒಳಮೈಗೆ ಮಂಜು ಹಿಡಿಯದಂತೆ ದ್ರಾವಣ ಬಳಿಯತೊಡಗಿದರು. ಅಪೊಲೊ ಯಾತ್ರಿಗಳಿಗೆ ಸಣ್ಣ ಕೊಳವೆಗಳಲ್ಲಿ ನೀರು ಹರಿಯುವ ಒಳಉಡುಪು ಬಂತು; ಪಾಲಿಕಾರ್ಬನೇಟ್ ಗೋಳದಂಥ ಹೆಲ್ಮೆಟ್ಟಿನಲ್ಲಿ ತಲೆಯ ಹಿಂದಿನಿಂದ ಗಾಳಿ ಮುಖದತ್ತ ಬೀಸುತ್ತಿತ್ತು. ಚಂದ್ರನ ಮೇಲೆ ಅದರ ಹೊರಗೆ ಚಿನ್ನದ ತೆಳು ಲೇಪವಿದ್ದ ಪರದೆ, ಬಿಸಿಲು ಮತ್ತು ಶಾಖ ತಡೆಯಲು. ಆಲ್ಡ್ರಿನ್ ಚಿತ್ರದಲ್ಲಿ ಆರ್ಮ್‌ಸ್ಟ್ರಾಂಗ್ ಪ್ರತಿಬಿಂಬ ಕಾಣುವುದು ಅದರಲ್ಲೇ. ಲೋಕ ನೆನಪಿಟ್ಟದ್ದು ಆ ಚಿನ್ನವನ್ನು. ನನಗೆ ಒಳಗಿನ ಗಾಳಿಯ ದಾರಿಯೇ ಹೆಚ್ಚಿನದಾಗಿ ಕಾಣುತ್ತದೆ. 1972ರ ಡಿಸೆಂಬರಿನಲ್ಲಿ ಸೆರ್ನನ್ ಚಂದ್ರನ ಮೇಲೆ ಮೂರು ದಿನ ಹೊರಗೆ ದುಡಿದರು.

ಮದ್ದೂ ತೊಂದರೆ ಕೊಟ್ಟಿದ್ದುಂಟು. 2001ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಯಾಂತ್ರಿಕ ತೋಳು ಜೋಡಿಸುತ್ತಿದ್ದ ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಕಣ್ಣಿಗೆ ಆ ದ್ರಾವಣವೇ ಸೇರಿತು. ತೂಕವಿಲ್ಲದ ಕಡೆ ಕಣ್ಣೀರು ಕೆನ್ನೆಗಿಳಿಯುವುದಿಲ್ಲ, ಗುಂಡಗೆ ಕಣ್ಣಲ್ಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಎರಡೂ ಕಣ್ಣು ಕಾಣಲಿಲ್ಲ.

2013ರ ಜುಲೈ 16ರದ್ದು ಇನ್ನೂ ಕಠಿಣ. ಇಟಲಿಯ ಲೂಕಾ ಪರ್ಮಿಟಾನೊ ಉಡುಪಿನಲ್ಲಿ, ಸೆರ್ನನ್ ಪಾಡಿನ ಬಳಿಕ ಬಂದ ತಂಪಿನ ನೀರೇ ಗಾಳಿಯ ದಾರಿಗೆ ನುಗ್ಗಿ, ತಲೆಯ ಹಿಂದಿನಿಂದ ಮುಂದಕ್ಕೆ ಬಂತು. ಕಣ್ಣು, ಮೂಗು ಮುಚ್ಚಿದವು. ಸುರಕ್ಷತಾ ಹಗ್ಗದ ಎಳೆತ ಹಿಡಿದು ಅವರು ಬಾಗಿಲು ಮುಟ್ಟಿದರು. ಆ ಬಳಿಕ ನಾಸಾ ಹೆಲ್ಮೆಟ್ಟಿನ ಹಿಂಬದಿಗೆ ನೀರು ಹೀರುವ ದಿಂಬನ್ನೂ, ಬಾಯಿಗೆ ಎಟುಕುವಂತೆ ಉಸಿರಾಡಲು ಕೊಳವೆಯೊಂದನ್ನೂ ಇಟ್ಟಿತು.