ಪ್ಲೇಗಿನ ದಿನಗಳು: ವಿಜ್ಞಾನದ ಪಾಲು, ಧರ್ಮದ ಪಾಲು



ಮನುಕುಲಕ್ಕೆ ಉಪಕಾರಿ ವಿಜ್ಞಾನವೋ ಧರ್ಮವೋ ಎಂಬ ಚರ್ಚೆ ನಮ್ಮ ಕೂಟಗಳಲ್ಲಿ ಊಟದ ಎಲೆ ತೆಗೆದ ಮೇಲೂ ಮುಗಿಯುವುದಿಲ್ಲ. ವೈದ್ಯವೃತ್ತಿಯಲ್ಲಿರುವ ನಾವು ಈ ಪ್ರಶ್ನೆಯನ್ನು, ಬಿಟ್ಟುಬಂದ ಬೆಂಗಳೂರೂ ನೆಲೆಸಿದ ಸಿಡ್ನಿಯೂ ಒಂದೇ ಕಾಲದಲ್ಲಿ ಎದುರಿಸಿದ ಒಂದು ರೋಗದ ಇತಿಹಾಸದಲ್ಲಿಟ್ಟು ನೋಡಬಯಸುತ್ತೇವೆ. ಅದು ಪ್ಲೇಗು.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಈ ರೋಗದ ಅಣುಜೀವಿಯನ್ನು ಗುರುತಿಸಿದನು. ರೋಗವು 1896ರಲ್ಲಿ ಮುಂಬಯಿಯನ್ನೂ 1898ರಲ್ಲಿ ಬೆಂಗಳೂರನ್ನೂ ಮುಟ್ಟಿತು. “ಇಲಿ ಬಿತ್ತು” ಎಂಬ ಎರಡು ಮಾತು ಊರು ಖಾಲಿಯಾಗಲು ಸಾಕಾಗಿತ್ತು. ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ಮಾರಮ್ಮನಿಗೆ ಹರಕೆ ಹೊತ್ತರು. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಇವೆ.

ಹರಕೆಯು ಒಂದು ಇಲಿಯನ್ನೂ ತಡೆಯಲಿಲ್ಲವೆಂಬುದು ನಿಜ. ಆದರೆ ಅಂದಿನ ವೈದ್ಯರೂ ಹಾದಿ ತಪ್ಪಿದ್ದರು. ರೋಗವನ್ನು ಹರಡುವುದು ಇಲಿಯ ಚಿಗಟವೆಂದು ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡಾಗ ಬಹುಮಂದಿ ವೈದ್ಯರು ಅದನ್ನು ನಂಬಲಿಲ್ಲ. ಗೋಡೆಗಳಿಗೆ ಔಷಧ ಬಳಿಯುವುದು, ಮನೆ ಹೊಕ್ಕು ಶೋಧಿಸುವುದು, ರೋಗಿಯನ್ನು ಬಂಧುಗಳಿಂದ ಅಗಲಿಸಿ ಒಯ್ಯುವುದು ಇವೇ ಉಪಾಯಗಳಾಗಿದ್ದವು. ಪುಣೆಯಲ್ಲಿ ಈ ದರ್ಪಕ್ಕೆ ಪ್ರತಿಯಾಗಿ 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಾಯಿತು. ಮೈಸೂರು ಸಂಸ್ಥಾನದಲ್ಲಿ, ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ, 1898ರಲ್ಲಿ ಜನರು ದಂಗೆಯೆದ್ದರು. ಇಲಿಗಳಿದ್ದ ಮನೆಯನ್ನು ಬಿಟ್ಟು ಹೊಲಕ್ಕೆ ನಡೆದ ಹಳ್ಳಿಗನ ರೂಢಿಯೇ ಗೋಡೆಗೆ ಬಳಿದ ಔಷಧಕ್ಕಿಂತ ಹಿತವಾಗಿತ್ತೆಂಬುದನ್ನು ಇಂದು ನಾವು ಬಲ್ಲೆವು.

1900ರ ಜನವರಿಯಲ್ಲಿ ಅದೇ ರೋಗ ಸಿಡ್ನಿ ಬಂದರಿನಲ್ಲಿ ಇಳಿಯಿತು, ಮೆಲ್ಬರ್ನಿಗೂ ತಲುಪಿತು. ಆ ವರ್ಷ ಸಿಡ್ನಿಯಲ್ಲಿ 303 ಮಂದಿಗೆ ರೋಗ ತಗುಲಿ, 103 ಮಂದಿ ಮಡಿದರು. ಇಲ್ಲಿಯೂ ಬೀದಿಗಳಿಗೆ ದಿಗ್ಬಂಧನವಾಯಿತು, ಮನೆಗಳನ್ನು ಕೆಡವಿದರು, ಚೀನೀ ನಿವಾಸಿಗಳ ಮೇಲೆ ದೋಷ ಹೊರಿಸಿದರು. ಭೀತಿ ನಮ್ಮ ದೇಶದ ಸೊತ್ತೇನೂ ಅಲ್ಲ! ಆದರೆ ಇಲ್ಲಿಯ ಮುಖ್ಯ ವೈದ್ಯಾಧಿಕಾರಿ ಆಶ್‌ಬರ್ಟನ್ ಥಾಂಪ್ಸನ್ ಪ್ರತಿಯೊಂದು ರೋಗದ ಮೂಲವನ್ನೂ ತಾಳ್ಮೆಯಿಂದ ಅರಸಿ, ಇಲಿ ಮತ್ತು ಚಿಗಟಗಳತ್ತ ಬೆರಳು ತೋರಿದನು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು ವಿಜ್ಞಾನದ ಹಿರಿಮೆ.

ಹಾಗಾದರೆ ಧರ್ಮಕ್ಕೆ ಪಾಲಿಲ್ಲವೇ? ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ, ಮೊದಲು ತನಗೇ ಚುಚ್ಚಿಕೊಂಡನು. ಜನ ಹಿಂಜರಿದರು. ಇಸ್ಮಾಯಿಲಿ ಪಂಥದ ಗುರು, ತರುಣ ಆಗಾಖಾನ್, ಎಲ್ಲರೆದುರು ಲಸಿಕೆ ಪಡೆದಾಗ ಅನುಯಾಯಿಗಳ ಭೀತಿ ಅಳಿಯಿತು. ಸೂಜಿಯನ್ನು ಕೊಟ್ಟದ್ದು ಪ್ರಯೋಗಶಾಲೆ; ತೋಳನ್ನು ಮುಂದೊಡ್ಡಿಸಿದ್ದು ವಿಶ್ವಾಸ.

ರೋಗಕ್ಕೆ ಕಾರಣವೇನೆಂಬ ಪ್ರಶ್ನೆಯಲ್ಲಿ ವಿಜ್ಞಾನವೊಂದೇ ನ್ಯಾಯಾಧೀಶ. ಅಲ್ಲಿ ಧರ್ಮ ತೀರ್ಪು ಕೊಡಹೊರಟರೆ ಪ್ರಾಣಹಾನಿ. ಮಗುವನ್ನು ಕಳೆದುಕೊಂಡ ತಾಯಿಯ ಬಳಿ ಕುಳಿತುಕೊಳ್ಳುವ ವಿದ್ಯೆ ಸೂಕ್ಷ್ಮದರ್ಶಕಕ್ಕೆ ಬಾರದು. ಅಲ್ಲಿ ನಂಬಿಕೆಯೇ ಆಸರೆ. 2020ರಲ್ಲಿ ಸಿಡ್ನಿ, ಮೆಲ್ಬರ್ನ್‌ಗಳ ದೇವಾಲಯಗಳು ಆರೋಗ್ಯಾಧಿಕಾರಿಗಳ ಆದೇಶದಂತೆ ಬಾಗಿಲು ಮುಚ್ಚಿದಾಗ ನಾವು ಮನೆಯಲ್ಲೇ ದೀಪ ಹಚ್ಚಿದೆವು. ಭಕ್ತಿಯೂ ಕುಂದಲಿಲ್ಲ, ಬುದ್ಧಿಯೂ ಕುಂದಲಿಲ್ಲ. ನಮ್ಮ ಮಕ್ಕಳಿಗೆ ಈ ಎರಡನ್ನೂ, ಅವುಗಳ ಎಲ್ಲೆಗಳ ಸಹಿತ, ಕಲಿಸೋಣ.